ಗೋಡೆಯಾಚೆಯ ಕೆಂಪು

"ಅಮ್ಮಾ, ಬಾಗಿಲು ಹಾಕು, ಕತ್ತಲಾಗಲಿ," ಎಂದಳು ಮಗಳು. ತಾಯಿ ಬಣ್ಣ ಮೆತ್ತಿದ ಕೈಯಲ್ಲೇ ಕೋಣೆಯ ಬಾಗಿಲೆಳೆದಳು. ಮಗಳು ತನ್ನ ಪ್ರಯೋಗಾಲಯದಿಂದ ತಂದಿದ್ದ ನೇರಳೆ ಟಾರ್ಚಿನ ಬೆಳಕನ್ನು ಪುಟ್ಟ ಸೀಸೆಯ ಮೇಲೆ ಬಿಟ್ಟಳು. ಸೀಸೆಯಲ್ಲಿದ್ದದ್ದು ತಾಯಿ ಬಟ್ಟೆಗೆಂದು ತೆಗೆದ ಬೇರಿನ ಹಳದಿ. ಅದು ಮಿಂಚುಹುಳದ ಹಾಗೆ ಹೊಳೆಯಿತು.

"ಅಬ್ಬಾ! ನನ್ನ ಹಳದಿ ದೀಪವೇ ಆಯ್ತಲ್ಲೇ!"

"ಹಿಗ್ಗಬೇಡ. ಹೊಳೆದರೆ ದಂಡ. ಹಿಡಿದ ಬೆಳಕನ್ನ ಕೊಡೋಕೆ ಪಕ್ಕದಲ್ಲಿ ಯಾರೂ ಇಲ್ಲ, ಅದಕ್ಕೆ ಹೀಗೆ ಚೆಲ್ಲಿಕೊಳ್ತಿದೆ."

ಮಗಳು ಚೀಲದಿಂದ ಇನ್ನೊಂದು ಸೀಸೆ ತೆಗೆದು ಅದರ ಕೆಂಪನ್ನು ಹಳದಿಗೆ ಬೆರೆಸಿದಳು. ಹೊಳಪು ಆರಿತು. ತಾಯಿಯ ಮುಖ ಸಪ್ಪಗಾಯಿತು. "ಹಾಳು ಮಾಡಿದೆಯಲ್ಲ."

"ಇಲ್ಲಮ್ಮ. ಹಳದಿ ತಾನು ಹಿಡಿದದ್ದನ್ನ ಕೆಂಪಿಗೆ ದಾಟಿಸ್ತು. ಕರೆಂಟು ಮಾಡೋದು ಕೆಂಪಿಗೆ ಗೊತ್ತು, ಆದ್ರೆ ಬಿಸಿಲಲ್ಲಿರೋ ನೀಲಿ ಅದಕ್ಕೆ ಸರಿಯಾಗಿ ಸಿಗಲ್ಲ. ಅದನ್ನ ಹಿಡಿಯೋದು ನಿನ್ನ ಹಳದಿ. ಬಾ, ತೋರಿಸ್ತೀನಿ."

ಅಂಗಳದ ಬಿಸಿಲಲ್ಲಿ ಮಗಳು ಬಣ್ಣ ಹಚ್ಚಿ, ಕರೆಂಟು ಅಳೆಯುವ ಮೀಟರಿಗೆ ಜೋಡಿಸಿಟ್ಟ ಎರಡು ಗಾಜಿನ ಬಿಲ್ಲೆಗಳಿದ್ದವು. ಬರೀ ಕೆಂಪಿನದಕ್ಕೆ ಮೀಟರಿನ ಮುಳ್ಳು ಒಂದಿಷ್ಟು ಎದ್ದು ನಿಂತಿತು. ಎರಡೂ ಬಣ್ಣ ಕೂಡಿದ್ದಕ್ಕೆ ಇನ್ನೂ ಮೇಲೇರಿತು. ತಾಯಿ ಮುಳ್ಳನ್ನು ನೋಡಲಿಲ್ಲ. ಕೆಂಪು ಬಿಲ್ಲೆಯನ್ನೆತ್ತಿ ನೆರಳಿಗೆ ಹಿಡಿದು ನೋಡಿದಳು.

"ಇದು ಅಂಗಡಿ ಕೆಂಪಲ್ಲ."

"ಅಂಗಡಿಯದು ಇಸಕೊಳ್ಳಲಿಲ್ಲ. ನಿನ್ನ ಹಳದಿ ಕೊಟ್ಟದ್ದನ್ನ ತಗೊಂಡಿದ್ದು ಇದೊಂದೇ."

ಗೋಡೆಯಾಚೆ ಕಿರಿಯ ವಾರಗಿತ್ತಿ ಬಟ್ಟೆ ಬಡಿಯುತ್ತಿದ್ದಳು, ಥಪ್, ಥಪ್. ಮೊದಲು ಗೋಡೆ ಇರಲಿಲ್ಲ; ಇಬ್ಬರಿಗೂ ಒಂದೇ ಒಲೆ, ಒಂದೇ ಹಗ್ಗ. ಏಳು ವರ್ಷದ ಹಿಂದೆ, ಅವಳು ಬಣ್ಣ ಹಾಕಿ ಒಣಹಾಕಿದ ಕೆಂಪು ಬಟ್ಟೆಗೆ ಇವಳ ಹಳದಿ ಹನಿ ಹತ್ತಿತು. ಅಷ್ಟಕ್ಕೇ ಮಾತು ಬೆಳೆಯಿತು, ಗೋಡೆಯೂ ಬೆಳೆಯಿತು.

"ಅವಳ ಹತ್ರ ಹೋಗಿದ್ಯಾ?"

"ಹೋದ ವಾರ ಹೋಗಿದ್ದೆ. ಚಿಕ್ಕಮ್ಮ ಸೀಸೆ ತುಂಬಿಸಿಕೊಟ್ರು."

"ಏನಾದ್ರೂ ಕೇಳಿದ್ಲಾ?"

"ನಿಮ್ಮಮ್ಮ ಈಗಲೂ ಹದ ನೋಡೋಕೆ ಬಣ್ಣನ ನಾಲಿಗೆಗೆ ಹಚ್ಕೋತಾಳಾ ಅಂದ್ರು."

ತಾಯಿ ತಟ್ಟನೆ ಬಾಯಿ ಮುಚ್ಚಿಕೊಂಡಳು. ನಾಲಿಗೆಯ ತುದಿ ಹಳದಿಯಾಗಿಯೇ ಇತ್ತು.

ಬಿಲ್ಲೆಯನ್ನು ಕೆಳಗಿಟ್ಟು ಕೇಳಿದಳು: "ಈ ಎರಡು ಬಣ್ಣ ಎಷ್ಟು ಹತ್ತಿರ ಇರಬೇಕು?"

"ಒಂದು ಕೂದಲನ್ನ ಹತ್ತು ಸಾವಿರ ಸೀಳು ಮಾಡಿದ್ರೆ, ಅದರಲ್ಲಿ ಒಂದು ಸೀಳಿನಷ್ಟು. ಮುಟ್ಟಲೇಬೇಕು ಅಂತೇನಿಲ್ಲ. ಆದ್ರೆ ಚೂರು ದೂರ ಸರಿದ್ರೂ ಕೊಡೋದು ನಿಂತೇಹೋಗುತ್ತೆ."

"ಈ ಗೋಡೆ ಒಂದು ಗೇಣು ದಪ್ಪ," ಎಂದಳು ತಾಯಿ, ತನಗೇ ಹೇಳಿಕೊಂಡಂತೆ.

ಆಮೇಲೆ ಬಾನಿಯಿಂದ ಹಳದಿ ಬಟ್ಟೆಯೊಂದನ್ನು ಎತ್ತಿದಳು. ಹಿಂಡಲಿಲ್ಲ. ಹಗ್ಗದ ಕಡೆಗೂ ಹೋಗಲಿಲ್ಲ. ಒಗೆಯುವ ಕಲ್ಲು ಹತ್ತಿ, ಅದನ್ನು ಗೋಡೆಯ ಮೇಲೆ ಹರಡಿ, ಅರ್ಧವನ್ನು ಆಚೆಗೆ ಇಳಿಬಿಟ್ಟಳು.

"ಅಯ್ಯೋ ಅಮ್ಮಾ! ಹನಿ ಆಚೆ ಬೀಳುತ್ತೆ. ಚಿಕ್ಕಮ್ಮನ ಕೆಂಪಿಗೆ ಹತ್ತಿದ್ರೆ?"

"ಹತ್ತಲಿ ಬಿಡು. ಜಗಳಕ್ಕಾದ್ರೂ ಬರ್ತಾಳೆ."

ಬಟ್ಟೆಯ ಈಚೆಯ ಅಂಚನ್ನು ಬಿಡದೆ ಹಿಡಿದು ನಿಂತಳು. ಗೋಡೆಯಾಚೆ ಬಡಿಯುವ ಸದ್ದು ನಿಂತಿತು.