ಉಬ್ರು ಕೊಟ್ಟ ದೂರು

"ಆಡಿದವರ ಹೆಸರು ಆಮೇಲೆ ಹೇಳ್ತೀನಿ ಸ್ವಾಮಿ. ಮೊದಲು ಆಡಿದ ಮಾತು ಬರ್ಕೊಳ್ಳಿ."

ಅಧಿಕಾರಿ ಸಿಲಿಮ್ ತಲೆಯೆತ್ತಿ ನೋಡಿದ. ಎದುರಿಗೆ ನಿಂತಿದ್ದ ಮುದುಕನ ಕೈಗಳಿಂದ ಎಳ್ಳೆಣ್ಣೆಯ ವಾಸನೆ ಬರುತ್ತಿತ್ತು. ಹೆಸರು ಉಬ್ರು. ರಾಜಧಾನಿ ನಿನೆವೆಯಲ್ಲಿ ಕಾಲು ನೀವುವುದು ಅವನ ಕೆಲಸ. ಬೆಳಗಿನಿಂದ ಎರಡು ಸಲ ಬಾಗಿಲವರೆಗೆ ಬಂದು, ಎರಡು ಸಲವೂ ಹೆದರಿ ಮನೆಗೆ ಹೋಗಿ, ಹೆಂಡತಿಯಿಂದ ಬೈಸಿಕೊಂಡು ಮೂರನೆಯ ಸಲ ಬಂದಿದ್ದ.

ಆ ವರ್ಷ ಊರಿಗೆ ಊರೇ ದೇವರ ಮುಂದೆ ನಿಂತು, ನೀರು ಕುಡಿದು ಪ್ರಮಾಣ ಮಾಡಿತ್ತು. ಮಹಾರಾಜರ ಬಗ್ಗೆ ಕೆಟ್ಟ ಮಾತು ಯಾರ ಬಾಯಿಂದ ಕೇಳಿದರೂ ಮುಚ್ಚಿಡುವುದಿಲ್ಲ. ಅಣ್ಣನಾಗಲಿ, ಮಗನಾಗಲಿ, ಬಂದು ಹೇಳುತ್ತೇವೆ. ಮುಚ್ಚಿಟ್ಟವನಿಗೂ ಆಡಿದವನಷ್ಟೇ ಶಿಕ್ಷೆ. ಉಬ್ರುವಿನ ಭಾವಮೈದುನ ಕುಡುಕ ಗೆಳೆಯನೊಬ್ಬ ಆಡಿದ ಅಂಥ ಮಾತು ಕೇಳಿ ನಕ್ಕು ಸುಮ್ಮನಾಗಿದ್ದ. ಆ ಭಾವಮೈದುನನನ್ನೂ ಎಳೆದುಕೊಂಡು ಹೋಗಿ ನಲವತ್ತು ದಿನವಾಗಿತ್ತು. ಇನ್ನೂ ಸುದ್ದಿಯಿಲ್ಲ.

"ನೀವು ಹೋಗಿ ಹೇಳದಿದ್ರೆ ನಾನು ಹೋಗಿ ನಿಮ್ಮ ಮೇಲೆ ಹೇಳ್ಬೇಕಾಗುತ್ತೆ," ಎಂದಿದ್ದಳು ಹೆಂಡತಿ ಬಾನಿತು. "ಸುಮ್ನೆ ಇರೋದು ಬಿಟ್ಟು ನನ್ನ ಕಿವಿಗ್ಯಾಕೆ ಹಾಕಿದ್ರಿ? ಹೋಗಿ, ಹೋಗಿ. ಆಡಿದ್ದು ಯಾರು ಅಂತ ಮಾತ್ರ ನಂಗೆ ಹೇಳ್ಬೇಡಿ."

ಸಿಲಿಮ್ ಅರ್ಬೇಲ ಎಂಬ ಊರಿನಿಂದ, ದ್ರೋಹದ ದೂರು ಕೇಳುವ ಈ ಕಚೇರಿಗೆ ಬಂದು ಒಂದು ತಿಂಗಳು. ಅಷ್ಟರಲ್ಲಿ ಬಂದಿದ್ದು ಒಂದೇ ದೂರು: ಯಾರೋ ತನ್ನ ಕತ್ತೆಗೆ ಮಹಾರಾಜರ ಹೆಸರಿಟ್ಟಿದ್ದಾನೆ ಎಂದು. ವಿಚಾರಿಸಿದರೆ, ಮಹಾರಾಜರು ಆ ಹೆಸರಿನಲ್ಲಿ ಪಟ್ಟವೇರುವ ಮೊದಲೇ ಕತ್ತೆಗೆ ಆ ಹೆಸರಿತ್ತು. ಬಿಟ್ಟುಬಿಡಬೇಕಾಯಿತು. ಹೀಗೇ ಆದರೆ ತನ್ನನ್ನು ಮತ್ತೆ ಅರ್ಬೇಲಕ್ಕೆ ಅಟ್ಟುವುದು ಖಂಡಿತ ಎಂದು ಅವನಿಗೆ ದಿಗಿಲು ಹತ್ತಿತ್ತು.

"ಸರಿ, ಹೇಳು," ಎಂದ. ಲಿಪಿಕಾರ ಹಸಿ ಮಣ್ಣಿನ ಹಲಗೆಯ ಮೇಲೆ ಜೊಂಡಿನ ಕಡ್ಡಿಯೂರಿದ.

ಉಬ್ರು ಕಣ್ಣು ಮುಚ್ಚಿಕೊಂಡು ಒಪ್ಪಿಸಿದ. "'ಈ ರಾಜ ಯಾವ ಕೆಲಸಕ್ಕೂ ಬಾರದವನು. ಯುದ್ಧ ಅಂದ್ರೆ ಹೊಟ್ಟೆ ಕಲಸುತ್ತೆ. ಇವನ ಜಾಗದಲ್ಲಿ ಒಂದು ಕುಂಬಳಕಾಯಿ ಕೂರಿಸಿದ್ರೂ ರಾಜ್ಯ ನಡೀತಿತ್ತು. ಇವನು ತೊಲಗಿದ್ರೆ ಎಲ್ರಿಗೂ ನೆಮ್ಮದಿ.' ಇಷ್ಟೇ ಸ್ವಾಮಿ."

ಬಾಗಿಲಲ್ಲಿದ್ದ ಇಬ್ಬರು ಭಟರು ಒಂದು ಹೆಜ್ಜೆ ಒಳಗೆ ಬಂದರು. ಸಿಲಿಮ್‌ನ ಮುಖ ಅರಳಿತು. ಇಂಥ ದ್ರೋಹ ವರ್ಷಕ್ಕೊಂದು ಸಿಕ್ಕರೆ ಸಾಕು.

"ಆಡಿದೋನು ದೊಡ್ಡ ಮನುಷ್ಯನಾ?"

"ಬಹಳ ದೊಡ್ಡವರು."

"ಅರಮನೆಗೆ ಹೋಗಿ ಬರ್ತಾನಾ?"

"ಊಟ, ನಿದ್ದೆ ಎಲ್ಲಾ ಅಲ್ಲೇ."

ಅರಮನೆಯ ಪಾನಶಾಲೆಯ ಮುಖ್ಯಸ್ಥ! ಸಿಲಿಮ್‌ಗೆ ಸಂಶಯವೇ ಉಳಿಯಲಿಲ್ಲ. ಹೊಸವರ್ಷದ ಔತಣದಲ್ಲಿ ತನ್ನನ್ನು ಕುದುರೆಲಾಯದ ಆಳುಗಳ ಸಾಲಿನಲ್ಲಿ ಕೂರಿಸಿ, ತಣ್ಣಗಾದ ಬಾರ್ಲಿ ಗಂಜಿ ಬಡಿಸಿದ್ದವನು ಅವನೇ.

"ಮಹಾರಾಜರು ಅವನಿಗೇನು ಕಡಿಮೆ ಮಾಡಿದ್ದಾರಂತೆ?"

"ತಮ್ಮ ಕಷ್ಟಕ್ಕೆಲ್ಲಾ ಮಹಾರಾಜರೇ ಕಾರಣ ಅಂತ ಅವರ ಎಣಿಕೆ."

"ಅಂದ್ರೆ ದ್ವೇಷ."

"ಕೆಲವು ದಿನ ಹಾಗೆ. ಇನ್ನು ಕೆಲವು ದಿನ ಮಹಾರಾಜರನ್ನ ಅವರಷ್ಟು ಹೊಗಳೋರು ಇನ್ನೊಬ್ರಿಲ್ಲ."

"ದ್ರೋಹಿಗಳೆಲ್ಲಾ ಹಾಗೇ!" ಸಿಲಿಮ್ ಪೀಠದಿಂದ ಎದ್ದು ನಿಂತ. "ಉಂಡ ಮನೆಗೇ ಬೊಗಳೋ ನಾಯಿ!"

"ಹಾಗನ್ನಬೇಡಿ ಸ್ವಾಮಿ," ಉಬ್ರು ಕೈ ಮುಗಿದ. "ಚಿಕ್ಕಂದಿನಿಂದ ನನ್ನ ಕೈಲಿ ಬೆಳೆದ ಕಾಲು ಅದು. ಅವತ್ತು ಜ್ವರ ಬೇರೆ ಇತ್ತು. ತಾಯಿ ಬೈದಿದ್ರಂತೆ. ಏನೋ ಬೇಜಾರಲ್ಲಿ ಬಂದ ಮಾತು."

"ಬೇಜಾರಾ? ಅವನ ಚರ್ಮ ಸುಲಿಸಿ ಕೋಟೆ ಗೋಡೆಗೆ ಹೊದಿಸ್ತೀನಿ! ನಾಯಿ ಅಲ್ಲ, ಹಂದಿ ಅವನು! ಅವನನ್ನ ಹೆತ್ತೋಳು ಒಂದು ಇಟ್ಟಿಗೆ ಹೆತ್ತಿದ್ರೆ ಗೋಡೆಗಾದ್ರೂ ಆಗ್ತಿತ್ತು!"

ಲಿಪಿಕಾರ ಕಡ್ಡಿ ಎತ್ತಿದ. "ಇದನ್ನೂ ಬರೆಯಬೇಕಾ ಸ್ವಾಮಿ?"

"ಒಂದಕ್ಷರ ಬಿಡಬೇಡ. ನನ್ನ ನಿಷ್ಠೆ ಎಂಥದ್ದು ಅಂತ ಅರಮನೆಗೆ ಗೊತ್ತಾಗ್ಲಿ."

ಉಬ್ರು ಮೊಣಕಾಲೂರಿದ. "ಸ್ವಾಮಿ, ಇಷ್ಟಕ್ಕೇ ಬಿಟ್ಟುಬಿಡೋಕಾಗಲ್ವಾ? ನಾನು ಪ್ರಮಾಣ ಮಾಡಿದ್ದು ಬಂದು ಹೇಳ್ತೀನಿ ಅಂತ. ಹೇಳಿದ್ದಾಯ್ತು. ಹೆಸರು ಕೇಳಿದ್ರೆ ನಿಮಗೇ ಕಷ್ಟ."

ಇದು ಸಿಲಿಮ್‌ಗೆ ಚುರುಕು ಮುಟ್ಟಿಸಿತು. ತಾನು ಹೆದರುವವನೆಂದುಕೊಂಡನೇ ಈ ಕಾಲೊತ್ತುವವನು? ಭಟರು ನೋಡುತ್ತಿದ್ದಾರೆ. ಅಪ್ಪಣೆಯನ್ನು ಅಲ್ಲೇ ಜೋರಾಗಿ ಹೇಳಿ ಬರೆಸಿದ: ಆರೋಪಿ ಯಾರೇ ಆಗಿರಲಿ, ಎಷ್ಟೇ ದೊಡ್ಡವನಾಗಿರಲಿ, ಹಾಸಿಗೆಯಲ್ಲಿದ್ದರೆ ಹಾಸಿಗೆಯಿಂದ, ಊಟದಲ್ಲಿದ್ದರೆ ಊಟದಿಂದ ಎಬ್ಬಿಸಿ, ಮೂಗಿಗೆ ಹಗ್ಗ ಹಾಕಿ ಎಳೆತರತಕ್ಕದ್ದು. ಕೊರಳಲ್ಲಿದ್ದ ಉರುಳೆಯಾಕಾರದ ಮುದ್ರೆಯನ್ನು ತೆಗೆದು ಹಸಿ ಮಣ್ಣಿನ ಮೇಲೆ ಎರಡು ಸಲ ಉರುಳಿಸಿದ. ಇಬ್ಬರು ಭಟರ ಹೆಸರನ್ನೂ ಸಾಕ್ಷಿಗೆ ಹಾಕಿಸಿದ. ಆರೋಪಿಯ ಹೆಸರಿನ ಜಾಗ ಮಾತ್ರ ಖಾಲಿ ಉಳಿಯಿತು.

"ಈಗ ಹೇಳು. ಪಾನಶಾಲೆಯವನೇ ತಾನೆ?"

"ಅಯ್ಯೋ, ಅಲ್ಲ. ಅವರ ಕಾಲು ನಾನು ಮುಟ್ಟಿಲ್ಲ." ಉಬ್ರು ಕಣ್ಣೊರೆಸಿಕೊಂಡ. "ನಾನು ಎಣ್ಣೆ ಹಚ್ಚೋದು ಒಬ್ಬರ ಕಾಲಿಗೆ ಮಾತ್ರ. ಕನ್ನಡಿ ನೋಡ್ಕೊಂಡು ತಮ್ಮನ್ನ ತಾವೇ ಬೈಕೊಳ್ತಿದ್ರು, ಪಾಪ. ಮಹಾರಾಜರು."

ಲಿಪಿಕಾರನ ಕಡ್ಡಿ ನಿಂತಿತು. ಆಮೇಲೆ ಅವನು ಹಲಗೆಯನ್ನು ಸಿಲಿಮ್‌ನ ಕೈಗೆ ಸಿಗದಂತೆ ಮೆಲ್ಲಗೆ ತನ್ನತ್ತ ಎಳೆದುಕೊಂಡ. ಭಟರಿಬ್ಬರೂ ಸಿಲಿಮ್‌ನನ್ನು ಹೊಸಬನನ್ನು ನೋಡುವಂತೆ ನೋಡತೊಡಗಿದರು. ಅವರೂ ನೀರು ಕುಡಿದು ಪ್ರಮಾಣ ಮಾಡಿದವರೇ.

ಉಬ್ರು ಮಾತ್ರ ಇನ್ನೂ ಚಿಂತೆಯಲ್ಲಿದ್ದ. "ಸ್ವಾಮಿ, ಈಗ ನೀವು ಅವರನ್ನ ನಾಯಿ, ಹಂದಿ ಅಂದದ್ದೂ ನನ್ನ ಕಿವಿಗೆ ಬಿತ್ತಲ್ಲ, ಅದನ್ನ ನಾನು ಯಾರ ಹತ್ರ ಹೋಗಿ ಹೇಳ್ಬೇಕು?"