ಏಳು ಗಂಟೆಯ ನಗೆನಾಟಕ

ಎರಡನೇ ಮಹಾಯುದ್ಧ ಮುಗಿದು, ಅಮೆರಿಕದಲ್ಲಿ ಮನೆಮನೆಗೂ ಟಿ.ವಿ. ಬಂದಿದ್ದ ಕಾಲ. ಏಳು ಗಂಟೆಯ ನಗೆನಾಟಕಕ್ಕೆ ಇನ್ನು ಅರ್ಧ ಗಂಟೆ ಇರುವಾಗ ಒಬ್ಬನ ಮನೆಯ ಟಿ.ವಿ. ಕೆಟ್ಟಿತು. ಅವನು ಪಕ್ಕದ ಬೀದಿಗೆ ಓಡಿ, ರಿಪೇರಿಯವನನ್ನು ಕೈಹಿಡಿದು ಎಳೆದುಕೊಂಡೇ ಬಂದ.

“ಪಿಕ್ಚರ್ ಟ್ಯೂಬೇ ಹೋಗಿದೆ ಸಾರ್. ಎಸೆದು ಹೊಸದು ತಗೊಳ್ಳಿ. ಈಗೆಲ್ಲ ಹಳೇದನ್ನ ಯಾರು ಇಟ್ಕೊಳ್ತಾರೆ?”

“ಚಿತ್ರ ಬರದಿದ್ರೆ ಬೇಡಪ್ಪಾ, ದನಿ ಬಂದ್ರೆ ಸಾಕು. ದಮ್ಮಯ್ಯ ಅಂತೀನಿ, ಬೇಗ!”

ರಿಪೇರಿಯವನು ಹಿಂದಿನ ಮುಚ್ಚಳ ತೆಗೆದು ತಂತಿಗಳನ್ನು ತಡಕಾಡಿದ. ಕೊನೆಗೂ ಆ ಕಪ್ಪು ಪರದೆಯೊಳಗಿಂದ ಯಾರೋ ಜೋಕು ಹೇಳಿದರು, ನೂರಾರು ಜನ ಗೊಳ್ಳೆಂದು ನಕ್ಕರು.

“ಅಯ್ಯೋ, ಈ ಸಪ್ಪೆ ಜೋಕಿಗಾ ಇಷ್ಟು ಒದ್ದಾಡಿದ್ರಿ? ಆ ನಗೂನೂ ಸುಳ್ಳು ಸಾರ್. ಯಾವತ್ತೋ ಒಂದಿನ ಜನಾನ ಕೂರಿಸಿ ರೆಕಾರ್ಡ್ ಮಾಡ್ಕೊಂಡಿದ್ದಾರೆ, ಅದನ್ನೇ ದಿನಾ ಹಾಕ್ತಾರೆ.”

“ಗೊತ್ತು. ಅವತ್ತು ನಾನೂ ಅಲ್ಲೇ ಕೂತಿದ್ದೆ.”

“ಗೊತ್ತಿದ್ದೂ ದಿನಾ ಕೇಳ್ತೀರಾ?”

ಅವನು ಟಿ.ವಿ.ಗೆ ಕಿವಿ ಹಚ್ಚಿದ. “ಶ್... ಎಲ್ರೂ ನಕ್ಕು ಮುಗಿಸಿದ್ಮೇಲೆ ಒಬ್ಳು ತಡವಾಗಿ ನಗ್ತಾಳೆ, ಕೇಳು. ನನ್ನ ಹೆಂಡ್ತಿ. ಹೋದ ವರ್ಷ ಮಣ್ಣು ಮಾಡಿದ್ವಿ.”