ಗಿರಿಜವ್ವನ ಪುಟದ ಒಂದು ಸಾಲು

ಊರಿನವರ ನೆನಪುಗಳೆಲ್ಲ ಕಚೇರಿಯ ಪುಟಗಳಲ್ಲಿದ್ದವು. ಪುಟದಲ್ಲಿ ಅಳಿಸಿದ್ದು ತಲೆಯಿಂದಲೂ ಹೋಗುತ್ತಿತ್ತು. ಯಾರ ಪುಟವನ್ನು ಯಾರು ತಿದ್ದಬಹುದು ಎಂಬ ಅನುಮತಿ ಕೊಡುವುದು ಇಂದುಮತಿಯ ಕೆಲಸ. ಬೆಳಿಗ್ಗೆಯಿಂದ ಅಣ್ಣತಮ್ಮಂದಿರಿಬ್ಬರು ಅಪ್ಪನ ಪುಟಕ್ಕಾಗಿ ಕಿತ್ತಾಡಿ ಅವಳ ತಲೆ ತಿಂದಿದ್ದರು. ಈಗ ಊಟದ ಡಬ್ಬಿ ಬಿಚ್ಚುವಷ್ಟರಲ್ಲಿ ಗಿರಿಜವ್ವ ಬಂದು ಕಿಟಕಿಯೊಳಗೆ ಕೈ ಚಾಚಿದಳು. ಮುಂಗೈ ಮೇಲೆ ಉದ್ದನೆಯ ಸುಟ್ಟ ಕಲೆ.

“ಇದು ಹೆಂಗಾತು ಅಂತ ನನಗ ನೆನಪ ಇಲ್ರಿ. ನನ್ನ ಪುಟದಾಗ ಮಕ್ಕಳು ಕೈಯಾಡ್ಸ್ಯಾರ. ಅವರ ಅನುಮತಿ ತಗದು, ಆ ಸಾಲು ವಾಪಸ್ ಹಾಕ್ರಿ.”

ಇಂದುಮತಿ ಡಬ್ಬಿ ಮುಚ್ಚಿ, ತಿದ್ದುಪಡಿಗಳ ಪಟ್ಟಿಯನ್ನು ಅವಳ ಕಡೆ ತಿರುಗಿಸಿದಳು.

“ಮಕ್ಕಳ ಅನುಮತಿ ಹ್ವಾದ ವರ್ಷನ ತಗಸೀರಿ, ಯವ್ವಾ. ಅಳಸಿದವರು ನೀವ. ಆರು ಸಲ ವಾಪಸ್ ಹಾಕಿಸ್ಕೊಂಡು ಓದೀರಿ. ಆರೂ ಸಲ, ಇಲ್ಲಿಗೆ ಬಂದ ನೆನಪನ್ನೂ ಸೇರಿಸಿ ನೀವ ಅಳಸೀರಿ.”

ಗಿರಿಜವ್ವ ಪಟ್ಟಿಯ ಮೇಲೆ ಬೆರಳಿಟ್ಟು ತನ್ನ ಹೆಸರನ್ನು ಆರು ಸಲ ಎಣಿಸಿದಳು.

“ಹಂಗಾರ ಈ ಸಲ ನನ್ನ ಅನುಮತಿನೂ ತಗದುಬಿಡ್ರಿ. ಆಮ್ಯಾಲೆ ಹಾಕ್ರಿ.”

ಇಂದುಮತಿಗೆ ಆ ಸಾಲು ಬಾಯಿಪಾಠವಾಗಿತ್ತು. ಅವಳು ಅದನ್ನು ವಾಪಸ್ ಹಾಕುವ ಗುಂಡಿಯನ್ನು ಕೂಡಲೇ ಒತ್ತಲಿಲ್ಲ. ಎದ್ದು, ತನ್ನ ಕುರ್ಚಿಯನ್ನೇ ಹೊರಗೆ ಎತ್ತಿ ತಂದಳು.

“ಮೊದಲ ಕುಂದರ್ರಿ,” ಎಂದಳು.